ಮುಂದಿನ ವರ್ಷದ ಲೆಕ್ಕ: ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳ ಹಣಕಾಸು ವಿಭಾಗದವರಿಗೆ ಬಹಿರಂಗ ಪತ್ರ



ಎಂಟರ್‌ಪ್ರೈಸ್ ಪರ್ಫಾರ್ಮೆನ್ಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಇಪಿಎಂ, ಎಂಬ ತಂತ್ರಾಂಶವು ಕಂಪನಿಯೊಂದರ ಮುಂದಿನ ಲೆಕ್ಕ ಇಡುವ ಸಾಧನ. ಟ್ಯಾಲಿಯಾಗಲಿ ಎಸ್‌ಎಪಿಯ ಲೆಕ್ಕಪತ್ರ ತಂತ್ರಾಂಶವಾಗಲಿ ದಾಖಲಿಸುವುದು ಆಗಿಹೋದ ವ್ಯವಹಾರವನ್ನು. ಬರುವ ವರ್ಷ ಎಷ್ಟು ಟನ್ ಎರಕ ಹೊಯ್ಯಬೇಕು, ಯಾವ ಗಿರಾಕಿಗೆ, ಯಾವ ದರಕ್ಕೆ, ಎಷ್ಟು ಯೂನಿಟ್ ವಿದ್ಯುತ್ತಿನಲ್ಲಿ, ಬ್ಯಾಂಕಿನಿಂದ ಎಷ್ಟು ದುಡಿಯುವ ಬಂಡವಾಳ ತಂದು ಎಂಬ ಇನ್ನೂ ಆಗದ ಸಂಗತಿಗಳು ಇಪಿಎಂನ ಪಾಲಿಗೆ ಬರುತ್ತವೆ. ವಾರ್ಷಿಕ ಬಜೆಟ್, ತಿಂಗಳ ಮುನ್ನಂದಾಜು, ನಗದು ಹರಿವು, ಹಲವು ಘಟಕಗಳ ಲೆಕ್ಕದ ಕ್ರೋಡೀಕರಣ, ಅಂದಾಜಿಗೂ ವಾಸ್ತವಕ್ಕೂ ನಡುವಿನ ವ್ಯತ್ಯಾಸದ ವರದಿ ಇವೆಲ್ಲ ಅದರ ಕೆಲಸ. ಒರಾಕಲ್, ಐಬಿಎಂ, ಎಸ್‌ಎಪಿ, ಅನಾಪ್ಲಾನ್, ವರ್ಕ್‌ಡೇ ಮೊದಲಾದವು ಇಂಥ ತಂತ್ರಾಂಶಗಳನ್ನು ಈಗ ಮುಖ್ಯವಾಗಿ ಚಂದಾ ಲೆಕ್ಕದಲ್ಲಿ, ಕ್ಲೌಡ್ ಮೂಲಕ ಮಾರುತ್ತವೆ.

ಮಧ್ಯಮ ಗಾತ್ರದ ಫೌಂಡ್ರಿಯಲ್ಲಿ ಈ ಕೆಲಸವನ್ನೆಲ್ಲ ಹೊತ್ತಿರುವುದು ಸಾಮಾನ್ಯವಾಗಿ ಎಕ್ಸೆಲ್. ಜನವರಿಯಲ್ಲಿ ಶುರುವಾದ ಶೀಟು ಮಾರ್ಚ್ ಕೊನೆಗೆ ಆಡಳಿತ ಮಂಡಳಿಯ ಮುಂದೆ ಬರುವ ಹೊತ್ತಿಗೆ ಅದರ ಏಳೆಂಟು ಪ್ರತಿಗಳು ಇ–ಮೇಲ್‌ಗಳಲ್ಲಿ ಓಡಾಡಿರುತ್ತವೆ. ‘ಫೈನಲ್’, ‘ಫೈನಲ್–2’, ‘ಫೈನಲ್ ಹೊಸದು’ ಎಂದು ಹೆಸರಿಟ್ಟ ಕಡತಗಳಲ್ಲಿ ಕೊನೆಯದು ಯಾವುದೆಂದು ಕೇಳಿದರೆ ತಯಾರಿಸಿದವರೂ ಒಂದು ಕ್ಷಣ ತಡೆದು ಉತ್ತರ ಹೇಳಬೇಕಾಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಓವರ್‌ಡ್ರಾಫ್ಟ್ ಮಿತಿಯ ನವೀಕರಣಕ್ಕೆ ಬ್ಯಾಂಕಿಗೆ ಕೊಡುವ ಸಿಎಂಎ ದತ್ತಾಂಶದಲ್ಲಿ ಒಂದು ಮಾರಾಟದ ಅಂದಾಜು ಇರುತ್ತದೆ, ಮಂಡಳಿಗೆ ಕೊಟ್ಟ ಬಜೆಟ್‌ನಲ್ಲಿ ಇನ್ನೊಂದು, ಮಾರಾಟ ವಿಭಾಗದವರು ತಮ್ಮ ಗುರಿಯೆಂದು ಇಟ್ಟುಕೊಂಡದ್ದು ಮತ್ತೊಂದು. ಮೂರಕ್ಕೂ ತಕ್ಕ ಕಾರಣ ಇರಬಹುದು. ಆದರೆ ಮೂರೂ ಬೇರೆ ಬೇರೆ ಕಡತಗಳಲ್ಲಿ ಇರುವುದರಿಂದ ಅವುಗಳ ನಡುವಿನ ಅಂತರ ಎಷ್ಟು, ಏಕೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎಕ್ಸೆಲ್ ಕೆಟ್ಟ ಸಾಧನವೇನಲ್ಲ. ಒಬ್ಬರೇ ಕುಳಿತು ಲೆಕ್ಕ ಹಾಕುವುದಾದರೆ ಅದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ. ಹಲವರು ತುಂಬುವ, ತಿಂಗಳು ತಿಂಗಳು ತಿದ್ದುವ ಲೆಕ್ಕಕ್ಕೆ ಇಳಿದಾಗ ಅದು ಕೈಕೊಡುತ್ತದೆ. ಕೆನಡಾದ ವಿದ್ಯುತ್ ಕಂಪನಿ ಟ್ರಾನ್ಸ್‌ಆಲ್ಟಾ 2003ರಲ್ಲಿ ಟೆಂಡರ್ ದರಗಳ ಶೀಟಿನಲ್ಲಿ ಸಾಲುಗಳನ್ನು ನಕಲಿಸಿ ಅಂಟಿಸುವಾಗ ಒಂದರ ಎದುರು ಇನ್ನೊಂದು ಬಂದು ಕೂತದ್ದರಿಂದ 2.4 ಕೋಟಿ ಡಾಲರ್ ಕಳೆದುಕೊಂಡಿತು. 2012ರಲ್ಲಿ ಜೆಪಿ ಮಾರ್ಗನ್ ಬ್ಯಾಂಕಿನ ಲಂಡನ್ ಕಚೇರಿಯಲ್ಲಿ 600 ಕೋಟಿ ಡಾಲರಿಗೂ ಮೀರಿದ ನಷ್ಟವಾದ ಮೇಲೆ ಬ್ಯಾಂಕು ತಾನೇ ನಡೆಸಿದ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಗಳಲ್ಲಿ ಇದೂ ಒಂದು: ಅಪಾಯವನ್ನು ಅಳೆಯುವ ಮಾದರಿ ಎಕ್ಸೆಲ್ ಶೀಟುಗಳ ಮೇಲೆ, ಕೈಯಿಂದ ನಕಲು ಮಾಡುತ್ತ ನಡೆಯುತ್ತಿತ್ತು. ನಷ್ಟಕ್ಕೆ ಶೀಟೊಂದೇ ಕಾರಣವಲ್ಲ, ಆದರೆ ನಷ್ಟವನ್ನು ಮುಂಚೆ ಕಾಣಿಸಬೇಕಾಗಿದ್ದ ಅಳತೆಗೋಲೇ ಸೊಟ್ಟಗಿತ್ತು.

ಇಪಿಎಂ ತಂತ್ರಾಂಶದ ಒಳಗಿರುವುದು ಶೀಟಲ್ಲ, ಕ್ಯೂಬ್. ಶೀಟಿಗೆ ಸಾಲು, ಕಂಬ ಎಂಬ ಎರಡೇ ದಿಕ್ಕು. ಕ್ಯೂಬಿಗೆ ಬೇಕಾದಷ್ಟು ಆಯಾಮಗಳು: ಲೆಕ್ಕದ ಶೀರ್ಷಿಕೆ, ತಿಂಗಳು, ವರ್ಷ, ಘಟಕ, ಎರಕದ ವಸ್ತು, ಗಿರಾಕಿ, ಜೊತೆಗೆ ಬಜೆಟ್ಟೋ ಮುನ್ನಂದಾಜೋ ವಾಸ್ತವವೋ ಎಂದು ಗುರುತಿಸುವ ‘ಸನ್ನಿವೇಶ’. ಪ್ರತಿ ಅಂಕಿಗೂ ಈ ಎಲ್ಲ ಆಯಾಮಗಳಲ್ಲಿ ಒಂದೊಂದು ವಿಳಾಸ ಇರುತ್ತದೆ. ಸೂತ್ರ ಬರೆಯುವುದು ಒಂದೊಂದು ಕೋಶಕ್ಕಲ್ಲ, ಶೀರ್ಷಿಕೆಗೆ. ‘ಮಾರಾಟ ಎಂದರೆ ಟನ್ ಗುಣಿಸು ದರ’ ಎಂದು ಒಮ್ಮೆ ಬರೆದರೆ ಎಲ್ಲ ತಿಂಗಳಿಗೂ ಎಲ್ಲ ವಸ್ತುವಿಗೂ ಅದೇ ಅನ್ವಯಿಸುತ್ತದೆ. ಒಂದು ಸಾಲಿನಲ್ಲಿ ಯಾರೋ ಸೂತ್ರ ಅಳಿಸಿ ಅಂಕಿ ಬರೆದುಹೋದರು ಎಂಬ ಹಳೆಯ ರೋಗಕ್ಕೆ ಇಲ್ಲಿ ಜಾಗ ಕಡಿಮೆ.

ಆಯಾಮಗಳು ಹೆಚ್ಚಿದಂತೆ ಕ್ಯೂಬ್ ಊದಿಕೊಳ್ಳುತ್ತದೆ, ಮೊದಲ ಎಡವಟ್ಟು ಆಗುವುದೂ ಇಲ್ಲೇ. ಉದಾಹರಣೆಗೆ 250 ಶೀರ್ಷಿಕೆ, 12 ತಿಂಗಳು, 2 ಘಟಕ, 300 ಎರಕದ ವಸ್ತು, 40 ಗಿರಾಕಿ, 4 ಸನ್ನಿವೇಶ ಇರುವ ಫೌಂಡ್ರಿಯನ್ನು ತೆಗೆದುಕೊಳ್ಳಬಹುದು. ಗುಣಿಸಿದರೆ 28.8 ಕೋಟಿ ಕೋಶಗಳು. ಇವುಗಳಲ್ಲಿ ಬಹುಪಾಲು ಎಂದೆಂದೂ ಖಾಲಿ. ಏಕೆಂದರೆ ಎರಕದ ವಸ್ತು ಅಂಗಡಿಯ ಸಾಮಾನಿನಂತೆ ಹತ್ತು ಜನರಿಗೆ ಮಾರುವಂಥದ್ದಲ್ಲ. ಡ್ರಾಯಿಂಗ್ ಗಿರಾಕಿಯದು, ಪ್ಯಾಟರ್ನ್ ಕೂಡ ಬಹಳ ಸಲ ಅವನದೇ, ಆ ಪಂಪ್ ಕೇಸಿಂಗ್ ಇನ್ನೊಬ್ಬನಿಗೆ ಹೋಗುವ ಪ್ರಶ್ನೆಯೇ ಇಲ್ಲ. ಹಾಗಾಗಿ ಫೌಂಡ್ರಿಯ ಮಾದರಿಯಲ್ಲಿ ಗಿರಾಕಿಯನ್ನು ಪ್ರತ್ಯೇಕ ಆಯಾಮ ಮಾಡುವ ಅಗತ್ಯವಿಲ್ಲ. ವಸ್ತುಗಳ ಶ್ರೇಣಿಯಲ್ಲೇ ಮೇಲಿನ ಮೆಟ್ಟಿಲಾಗಿ ಗಿರಾಕಿಯನ್ನು ಕೂರಿಸಿದರೆ 28.8 ಕೋಟಿ ಕೋಶಗಳು 72 ಲಕ್ಷಕ್ಕೆ ಇಳಿಯುತ್ತವೆ, ಗಿರಾಕಿವಾರು ಮೊತ್ತವೂ ತಪ್ಪದೆ ಸಿಗುತ್ತದೆ. ಖಾಲಿ ಕೋಶಗಳನ್ನು ಸಂಭಾಳಿಸುವ ಉಪಾಯ ತಂತ್ರಾಂಶಗಳಲ್ಲೇ ಇದೆ ನಿಜ. ಒರಾಕಲ್‌ನ ಎಸ್‌ಬೇಸ್ ಆಯಾಮಗಳನ್ನು ದಟ್ಟ, ವಿರಳ ಎಂದು ಎರಡಾಗಿ ವಿಂಗಡಿಸಿ ಅಂಕಿ ಇರುವ ಕಡೆ ಮಾತ್ರ ಜಾಗ ಹಿಡಿಯುತ್ತದೆ, ಐಬಿಎಂನ ಟಿಎಂ1 ಎಲ್ಲವನ್ನೂ ಮೆಮೊರಿಯಲ್ಲೇ ಇಟ್ಟುಕೊಂಡು ಖಾಲಿಯನ್ನು ಹಾರಿಸಿ ಕೂಡಿಸುತ್ತದೆ. ಆದರೆ ಬೇಡದ ಆಯಾಮ ತಂದಿಡುವ ನಿಜವಾದ ಹೊರೆ ಯಂತ್ರಕ್ಕಲ್ಲ, ಅಂಕಿ ತುಂಬುವ ಮನುಷ್ಯನಿಗೆ. ಅವನ ಪರದೆಯ ಮೇಲೆ ನೂರಾರು ಖಾಲಿ ಸಾಲುಗಳು ತೆರೆದುಕೊಳ್ಳುತ್ತವೆ, ಅವನು ಮತ್ತೆ ಎಕ್ಸೆಲ್ಲಿಗೆ ಮರಳುತ್ತಾನೆ.

ಆಯಾಮಗಳಾದ ಮೇಲೆ ಮೂಲ ಅಂಶಗಳು. ಹೋದ ವರ್ಷದ ಖರ್ಚಿಗೆ ಶೇಕಡಾ ಎಂಟೋ ಹತ್ತೋ ಸೇರಿಸಿ ಬರೆಯುವುದು ಬಜೆಟ್ ಅನ್ನಿಸಿಕೊಳ್ಳುವುದಿಲ್ಲ. ಖರ್ಚನ್ನು ಹುಟ್ಟಿಸುವ ಅಂಶ ಯಾವುದು ಎಂದು ಹುಡುಕಿ, ಅದನ್ನು ಅಂದಾಜಿಸಿ, ಖರ್ಚನ್ನು ಸೂತ್ರದಿಂದ ಬರಮಾಡಿಕೊಳ್ಳಬೇಕು. ಫೌಂಡ್ರಿ ಈ ಬಗೆಯ ಯೋಜನೆಗೆ ಹೇಳಿ ಮಾಡಿಸಿದ ಉದ್ಯಮ, ಏಕೆಂದರೆ ಅಲ್ಲಿ ಹಣಕ್ಕಿಂತ ಮುಂಚೆ ತೂಕ ಬರುತ್ತದೆ.

ತಿಂಗಳಿಗೆ 1,000 ಟನ್ ಒಳ್ಳೆಯ ಎರಕ ಕಳಿಸಬೇಕು ಎಂದಿಟ್ಟುಕೊಂಡರೆ, ತಿರಸ್ಕಾರ ಶೇ 5 ಇದ್ದಾಗ ಅಚ್ಚಿನಿಂದ ಹೊರಬರಬೇಕಾದದ್ದು ಸುಮಾರು 1,053 ಟನ್. ಹೊಯ್ದ ಲೋಹದಲ್ಲಿ ರನ್ನರ್, ರೈಸರ್ ಕಳೆದು ಎರಕವಾಗಿ ಉಳಿಯುವುದು ಶೇ 60 ಆದರೆ ಕರಗಿಸಬೇಕಾದದ್ದು ಸುಮಾರು 1,754 ಟನ್. ಇಂಡಕ್ಷನ್ ಕುಲುಮೆಗೆ ಟನ್ನಿಗೆ 600 ಯೂನಿಟ್ ಹಿಡಿದರೆ ಕರಗಿಸುವುದಕ್ಕೇ ಸುಮಾರು 10.5 ಲಕ್ಷ ಯೂನಿಟ್. ಈಗ ತಿರಸ್ಕಾರ ಶೇ 5ರಿಂದ ಶೇ 7ಕ್ಕೆ ಏರಿತು ಅನ್ನೋಣ. ಕರಗಿಸಬೇಕಾದದ್ದು 1,792 ಟನ್ ಆಗುತ್ತದೆ, ವಿದ್ಯುತ್ತಿನ ಹೆಚ್ಚುವರಿ ಖರ್ಚು ತಿಂಗಳಿಗೆ 22,000 ಯೂನಿಟ್ ದಾಟುತ್ತದೆ. ತಿರಸ್ಕೃತ ಎರಕವೂ ರನ್ನರ್–ರೈಸರ್‌ಗಳೂ ಮತ್ತೆ ಕುಲುಮೆಗೇ ಮರಳುವುದರಿಂದ ಲೋಹದ ಬಹುಪಾಲು ನಷ್ಟವಾಗುವುದಿಲ್ಲ. ನಷ್ಟವಾಗುವುದು ವಿದ್ಯುತ್ತು, ಮರಳು, ಕೂಲಿ, ಕುಲುಮೆಯ ಹೊತ್ತು. ‘ಕಚ್ಚಾ ಮಾಲು ಶೇ 2 ಹೆಚ್ಚು’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಬಜೆಟ್ಟಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಮೂಲ ಅಂಶಗಳ ಮೇಲೆ ಕಟ್ಟಿದ ಮಾದರಿಯಲ್ಲಿ ತಿರಸ್ಕಾರದ ಪ್ರಮಾಣ ಎಂಬ ಒಂದೇ ಕೋಶ ಬದಲಾದರೆ ಹದಿನೈದು ಸಾಲುಗಳು ತಾವಾಗಿಯೇ ಸರಿಯುತ್ತವೆ.

ವಿದ್ಯುತ್ ಬಿಲ್ಲಿಗೂ ಇದೇ ಎಚ್ಚರ ಬೇಕು. ಬೆಳಗಾವಿಯ ಹೆಸ್ಕಾಂ ಆಗಲಿ ಶಿವಮೊಗ್ಗದ ಮೆಸ್ಕಾಂ ಆಗಲಿ ಎಚ್‌ಟಿ ಗ್ರಾಹಕರಿಂದ ವಸೂಲು ಮಾಡುವುದರಲ್ಲಿ ಮುಖ್ಯವಾಗಿ ಎರಡು ಭಾಗ: ಕೆವಿಎ ಬೇಡಿಕೆಯ ಮೇಲಿನ ನಿಗದಿತ ಶುಲ್ಕ ಮತ್ತು ಸುಟ್ಟ ಯೂನಿಟ್ಟಿನ ಮೇಲಿನ ಶುಲ್ಕ. ಎರಡನ್ನೂ ಕೂಡಿಸಿ ‘ಟನ್ನಿಗೆ ಇಷ್ಟು ರೂಪಾಯಿ’ ಎಂಬ ಸರಾಸರಿ ಹಾಕಿದರೆ ಉತ್ಪಾದನೆ ಕುಸಿದ ತಿಂಗಳಲ್ಲಿ ಮಾದರಿ ಸುಳ್ಳು ಹೇಳುತ್ತದೆ, ಏಕೆಂದರೆ ನಿಗದಿತ ಭಾಗ ಟನ್ನಿನ ಜೊತೆ ಇಳಿಯುವುದಿಲ್ಲ. ಆರ್ಡರ್ ಕಡಿಮೆಯಾದಾಗ ನಷ್ಟ ಎಷ್ಟೆಂದು ತಿಳಿಯಲೆಂದೇ ಕಟ್ಟಿದ ಮಾದರಿ ಆಗಲೇ ತಪ್ಪಿದರೆ ಅದರಿಂದ ಏನು ಉಪಯೋಗ?

ದರದ ವಿಚಾರದಲ್ಲಿ ಫೌಂಡ್ರಿಗೆ ಮಾತ್ರ ಗೊತ್ತಿರುವ ಇನ್ನೊಂದು ಸಂಗತಿ ಇದೆ. ದೊಡ್ಡ ವಾಹನ ಮತ್ತು ಪಂಪ್ ಕಂಪನಿಗಳು ಪಿಗ್ ಐರನ್, ಸ್ಕ್ರ್ಯಾಪ್ ಬೆಲೆಯ ಏರಿಳಿತವನ್ನು ಎರಕದ ದರಕ್ಕೆ ಸೇರಿಸಿಕೊಡುತ್ತವೆ, ಆದರೆ ತಡವಾಗಿ. ಅನೇಕ ಒಪ್ಪಂದಗಳಲ್ಲಿ ತ್ರೈಮಾಸಿಕ ಕಳೆದ ಮೇಲೆ. ಏಪ್ರಿಲ್‌ನಲ್ಲಿ ಪಿಗ್ ಐರನ್ ಏರಿದರೆ ಎರಕದ ದರ ಏರುವುದು ಜುಲೈನಲ್ಲಿ. ನಡುವಿನ ಮೂರು ತಿಂಗಳ ಹೊರೆ ಫೌಂಡ್ರಿಯದು, ಬೆಲೆ ಇಳಿದಾಗ ಮೂರು ತಿಂಗಳ ಲಾಭವೂ ಅದರದೇ. ಎಕ್ಸೆಲ್‌ನಲ್ಲಿ ಈ ವಿಳಂಬವನ್ನು ಗಿರಾಕಿಗೊಂದರಂತೆ ಬರೆದು ನಿಭಾಯಿಸುವುದು ತಲೆನೋವು. ಕ್ಯೂಬ್‌ನಲ್ಲಿ ಪ್ರತಿ ಗಿರಾಕಿಗೂ ‘ಎಷ್ಟು ತಿಂಗಳ ವಿಳಂಬ’ ಎಂಬ ಒಂದು ಗುಣ ಕೊಟ್ಟು, ಸೂತ್ರ ಅಷ್ಟು ತಿಂಗಳು ಹಿಂದಿನ ಬೆಲೆಯನ್ನು ಎತ್ತಿಕೊಳ್ಳುವಂತೆ ಮಾಡಿದರೆ ಸಾಕು. ಇದೊಂದೇ ಸೂತ್ರ ಸರಿಯಾಗಿ ಕೂತರೂ ತಂತ್ರಾಂಶಕ್ಕೆ ಕೊಟ್ಟ ಹಣದ ಒಂದು ಪಾಲು ವಾಪಸು ಬಂದಂತೆಯೇ. ನಗದು ಹರಿವಿಗೂ ಇಂಥದೇ ನಿಯಮಗಳು ಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ ಎಚ್ ಉಪಕಲಮು ಸೇರಿ, ಅದು 2024–25ರ ಕರನಿರ್ಧಾರಣಾ ವರ್ಷದಿಂದ ಜಾರಿಗೆ ಬಂದ ಮೇಲೆ ಕಿರು, ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಕಾನೂನು ಹೇಳಿದ ಅವಧಿಯೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ, ಕೊಡದಿದ್ದರೆ ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಅದನ್ನು ಖರ್ಚಾಗಿ ಕಳೆಯಬಹುದು. ಫೌಂಡ್ರಿಗೆ ಮರಳು, ಮಷಿನಿಂಗ್, ಪ್ಯಾಟರ್ನ್ ಕೆಲಸ ಮಾಡಿಕೊಡುವ ಅನೇಕರು ಇದೇ ಗುಂಪಿನವರು. ಗಿರಾಕಿ ತೊಂಬತ್ತು ದಿನ ಕಾಯಿಸುವಾಗ ಪೂರೈಕೆದಾರನಿಗೆ ನಲವತ್ತೈದರೊಳಗೆ ಕೊಡಬೇಕು ಎಂಬ ಇಕ್ಕಟ್ಟು ತಿಂಗಳುವಾರು ಕಾಣುವಂತೆ ಮಾದರಿಯನ್ನು ಕಟ್ಟಬೇಕು.

ಇಷ್ಟೆಲ್ಲ ಲೆಕ್ಕ ಸರಿಯಾದರೂ ಇಪಿಎಂ ಯೋಜನೆಗಳು ಸೋಲುತ್ತವೆ, ಸೋಲುವ ಕಾರಣ ಬಹಳ ಸಲ ಲೆಕ್ಕದ ಹೊರಗಿರುತ್ತದೆ: ಯಾವ ಅಂಕಿ ಯಾರದು ಎಂದು ತೀರ್ಮಾನವಾಗಿರುವುದಿಲ್ಲ. ಗಿರಾಕಿವಾರು ಟನ್ ಎಷ್ಟು ಎಂದು ಹೇಳಬೇಕಾದವರು ಮಾರಾಟದವರು. ತಿರಸ್ಕಾರದ ಪ್ರಮಾಣ ಗುಣಮಟ್ಟ ವಿಭಾಗದ್ದು. ಟನ್ನಿಗೆ ಯೂನಿಟ್ ಎಷ್ಟೆಂಬುದು ಮೆಲ್ಟಿಂಗ್ ವಿಭಾಗದ ಮುಖ್ಯಸ್ಥರ ಮಾತು, ಪಿಗ್ ಐರನ್ ಬೆಲೆ ಖರೀದಿ ವಿಭಾಗದ್ದು. ಬಡ್ಡಿ, ಸವಕಳಿ, ತೆರಿಗೆ ಬಿಟ್ಟರೆ ಹಣಕಾಸು ವಿಭಾಗಕ್ಕೆ ಸ್ವಂತದ ಅಂಕಿಗಳೇ ಇಲ್ಲ. ಅದರ ಒಡೆತನದಲ್ಲಿರುವುದು ಸೂತ್ರಗಳು, ವೇಳಾಪಟ್ಟಿ ಮತ್ತು ಬೀಗ. ವಾಸ್ತವದಲ್ಲಿ ನಡೆಯುವುದು ಬೇರೆ. ಕೊನೆಯ ದಿನದವರೆಗೂ ಯಾರೂ ತುಂಬುವುದಿಲ್ಲ, ಕೊನೆಗೆ ಹಣಕಾಸು ವಿಭಾಗದ ಒಬ್ಬರು ರಾತ್ರಿ ಕುಳಿತು ಎಲ್ಲರ ಪರವಾಗಿಯೂ ತುಂಬುತ್ತಾರೆ. ಹಾಗೆ ತುಂಬಿದ ಬಜೆಟ್ಟಿಗೆ ಮೇ ತಿಂಗಳಲ್ಲಿ ಕಾರ್ಖಾನೆಯೊಳಗೆ ವಾರಸುದಾರರೇ ಇರುವುದಿಲ್ಲ. ವ್ಯತ್ಯಾಸದ ವರದಿ ತೋರಿಸಿದರೆ ‘ಆ ಅಂಕಿ ನಾವು ಕೊಟ್ಟದ್ದಲ್ಲ’ ಎಂಬ ಉತ್ತರ ಬರುತ್ತದೆ, ಅದು ನಿಜವೂ ಹೌದು.

ಹಾಗಾದರೆ ಮಾರಾಟದವರು ಗುರಿ ಸುಲಭವಾಗಲಿ ಎಂದು ಬೇಕೆಂದೇ ಕಡಿಮೆ ಟನ್ ಬರೆದರೆ ಏನು ಮಾಡಬೇಕು? ಬರೆಯುತ್ತಾರೆ. ಬಜೆಟ್ ಇರುವಲ್ಲೆಲ್ಲ ಇದು ಇದೆ. ಸ್ವೀಡನ್ನಿನ ಹಾಂಡೆಲ್ಸ್‌ಬಾಂಕೆನ್ ಬ್ಯಾಂಕು 1970ರ ದಶಕದಲ್ಲಿ ಯಾನ್ ವಾಲಾಂಡರ್ ನೇತೃತ್ವದಲ್ಲಿ ವಾರ್ಷಿಕ ಬಜೆಟ್ಟನ್ನೇ ಕೈಬಿಟ್ಟಿತು. ಫೌಂಡ್ರಿಗಳು ಅಷ್ಟು ದೂರ ಹೋಗಬೇಕಿಲ್ಲ. ಮಾರಾಟದವರು ಬರೆದ ಅಂಕಿಯನ್ನು ತಿದ್ದದೆ ಹಾಗೇ ಉಳಿಸಿ, ನಿರ್ದೇಶಕರು ಸೇರಿಸಬಯಸುವುದನ್ನು ‘ಆಡಳಿತದ ಹೊಂದಾಣಿಕೆ’ ಎಂಬ ಪ್ರತ್ಯೇಕ ಸಾಲಿನಲ್ಲಿ, ನಿರ್ದೇಶಕರ ಹೆಸರಿನಲ್ಲೇ ದಾಖಲಿಸುವ ಸೌಲಭ್ಯ ತಂತ್ರಾಂಶದಲ್ಲಿದೆ. ವರ್ಷದ ಕೊನೆಗೆ ಯಾರ ಅಂದಾಜು ನಿಜಕ್ಕೆ ಹತ್ತಿರವಿತ್ತು ಎಂಬುದು ಎಲ್ಲರಿಗೂ ಕಾಣುತ್ತದೆ. ಎರಡು ವರ್ಷ ಹೀಗೆ ನಡೆದರೆ ಎರಡೂ ಕಡೆಯ ಉತ್ಪ್ರೇಕ್ಷೆ ತಗ್ಗುತ್ತದೆ. ಬ್ಯಾಂಕಿನ ಸಿಎಂಎ ಅಂಕಿಗಳನ್ನೂ ಇದೇ ಕ್ಯೂಬ್‌ನಲ್ಲಿ ಇನ್ನೊಂದು ಸನ್ನಿವೇಶವಾಗಿ ಇಡಬಹುದು, ಇಡಬೇಕು. ಆಗ ಬಜೆಟ್ಟಿಗೂ ಸಿಎಂಎಗೂ ನಡುವಿನ ಅಂತರ ಒಂದು ವರದಿಯಾಗಿ ಬರುತ್ತದೆ, ಅದಕ್ಕೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ.

ಅಳವಡಿಕೆಯ ವೇಳಾಪಟ್ಟಿಯನ್ನು ಹಣಕಾಸು ವರ್ಷವೇ ನಿರ್ಧರಿಸುತ್ತದೆ. ಮಾರ್ಚ್ ಲೆಕ್ಕ ಮುಗಿದ ಮೇಲೆ, ಮೇ–ಜೂನ್‌ನಲ್ಲಿ ಆಯಾಮ, ಸೂತ್ರಗಳ ಕಾಗದದ ಕೆಲಸ, ಜುಲೈನಿಂದ ಸೆಪ್ಟೆಂಬರ್‌ವರೆಗೆ ಕಟ್ಟುವುದು, ಪರೀಕ್ಷಿಸುವುದು, ಅಕ್ಟೋಬರ್‌ನಲ್ಲಿ ಅರ್ಧ ವರ್ಷದ ಮುನ್ನಂದಾಜನ್ನು ಹೊಸದರಲ್ಲಿ ಮಾಡಿ ನೋಡುವುದು, ಆಮೇಲೆ ಬಜೆಟ್. ಬಜೆಟ್ ಋತುವಿನ ನಡುವೆ, ಜನವರಿಯಲ್ಲಿ ಹೊಸ ತಂತ್ರಾಂಶ ಚಾಲೂ ಮಾಡಲು ಹೊರಟವರು ಫೆಬ್ರವರಿಯಲ್ಲಿ ಎಕ್ಸೆಲ್ಲಿಗೆ ಓಡಿಬರುತ್ತಾರೆ. ಪರೀಕ್ಷೆಗೆ ಎಲ್ಲಕ್ಕಿಂತ ಒಳ್ಳೆಯದು ಹೋದ ವರ್ಷದ ಬಜೆಟ್: ಅದೇ ಮೂಲ ಅಂಶಗಳನ್ನು ತುಂಬಿ ಅದೇ ಲಾಭದ ಅಂಕಿ ಬರುತ್ತದೆಯೇ ನೋಡಬೇಕು. ಬಾರದಿದ್ದರೆ ತಪ್ಪು ಹೊಸ ಮಾದರಿಯಲ್ಲೇ ಇರಬೇಕೆಂದಿಲ್ಲ. ಹಳೆಯ ಶೀಟಿನಲ್ಲಿ ವರ್ಷಗಳಿಂದ ಅಡಗಿದ್ದ ದೋಷ ಹೊರಬರುವುದು ಸಾಮಾನ್ಯವಾಗಿ ಇದೇ ಹಂತದಲ್ಲಿ.

ಅಳವಡಿಸುವ ಸಲಹೆಗಾರರಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಆದರೆ ಅವರಲ್ಲಿ ಬಹಳ ಮಂದಿಯ ಅನುಭವ ಅಮೆರಿಕ, ಯುರೋಪಿನ ಕಂಪನಿಗಳ ಜೊತೆಗಿನದು. ಅವರು ತರುವ ಸಿದ್ಧ ಮಾದರಿಯಲ್ಲಿ ವರ್ಷ ಜನವರಿಗೆ ಶುರುವಾಗಿ, ಅಂಕಿ ಮಿಲಿಯನ್‌ನಲ್ಲಿದ್ದು, ಖರ್ಚಿನ ಬಹುಪಾಲು ಸಂಬಳವಾಗಿರಬಹುದು. ಏಪ್ರಿಲ್, ಲಕ್ಷ–ಕೋಟಿಗಳನ್ನು ಅರ್ಧ ದಿನದಲ್ಲಿ ಸರಿಪಡಿಸಬಹುದು. ಟನ್ನಿನಿಂದ ಶುರುವಾಗುವ ಲೆಕ್ಕವನ್ನು ಅವರಿಗೆ ವಿವರಿಸಲು ಮಾತ್ರ ಮೆಲ್ಟಿಂಗ್ ವಿಭಾಗದ ಒಬ್ಬರನ್ನು ಸಭೆಯಲ್ಲಿ ಕೂರಿಸಲೇಬೇಕು.

ವಾಸ್ತವ ಅಂಕಿಗಳು ಲೆಕ್ಕಪುಸ್ತಕದಿಂದ ಬರಬೇಕು, ಅಲ್ಲಿ ಕಾದಿರುವುದು ಶೀರ್ಷಿಕೆಗಳ ಗೋಜಲು. ಟ್ಯಾಲಿಯಲ್ಲಿ ಹೊಸ ಲೆಡ್ಜರ್ ತೆರೆಯುವುದು ಸುಲಭ, ಅದೇ ಅದರ ಗುಣ, ಅದೇ ತೊಂದರೆ. ‘ಪವರ್ ಚಾರ್ಜಸ್’, ‘ಎಲೆಕ್ಟ್ರಿಸಿಟಿ’, ‘ಹೆಸ್ಕಾಂ ಬಿಲ್’ ಎಂದು ಒಂದೇ ಖರ್ಚಿಗೆ ಮೂರು ಲೆಡ್ಜರ್ ಇರುತ್ತವೆ. ಯಾವ ಲೆಡ್ಜರ್ ಯಾವ ಯೋಜನಾ ಶೀರ್ಷಿಕೆಗೆ ಸೇರುತ್ತದೆ ಎಂಬ ಹೊಂದಾಣಿಕೆ ಪಟ್ಟಿ ಮಾಡಿ, ಪಟ್ಟಿಯಲ್ಲಿಲ್ಲದ ಲೆಡ್ಜರ್ ಬಂದರೆ ಅಂಕಿ ಏರಿಸುವುದು ಅಲ್ಲೇ ನಿಲ್ಲುವಂತೆ ಮಾಡಬೇಕು. ಬಿಡಿ ಮೊತ್ತಗಳನ್ನು ‘ಇತರೆ’ಗೆ ತಳ್ಳಿ ಮುಂದೆ ಹೋಗುವ ವ್ಯವಸ್ಥೆ ಆರು ತಿಂಗಳಲ್ಲಿ ನಂಬಿಕೆ ಕಳೆದುಕೊಳ್ಳುತ್ತದೆ. ಹಿಂದಿನ 24 ತಿಂಗಳ ವಾಸ್ತವ ಅಂಕಿಗಳನ್ನು ಟನ್ ಸಮೇತ ಏರಿಸಿದರೆ ಹೋಲಿಕೆಗೆ ಸಾಕು. ಹತ್ತು ವರ್ಷದ ಇತಿಹಾಸ ಬೇಕೆಂಬ ಆಸೆ ಅಳವಡಿಕೆಯನ್ನು ತಿಂಗಳುಗಟ್ಟಲೆ ಎಳೆಯುತ್ತದೆ.

ಲೆಕ್ಕಪುಸ್ತಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಬೇಕೆಂಬ ನಿಯಮ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಅನ್ವಯವಾಗಿದೆ. ಯೋಜನಾ ತಂತ್ರಾಂಶ ಲೆಕ್ಕಪುಸ್ತಕವಲ್ಲವಾದ್ದರಿಂದ ಈ ನಿಯಮದ ಹಂಗು ಅದಕ್ಕಿಲ್ಲ. ಆದರೂ ಯಾರು, ಯಾವಾಗ, ಯಾವ ಅಂಕಿಯನ್ನು ಏನಕ್ಕೆ ಬದಲಿಸಿದರು ಎಂಬ ದಾಖಲೆಯನ್ನು ಅಲ್ಲೂ ಚಾಲೂ ಇಡುವುದು ಮೇಲು. ಸಂಬಳದ ವಿವರ ಸಂಬಂಧಪಟ್ಟ ಇಬ್ಬರು ಮೂವರಿಗೆ ಮಾತ್ರ ಕಾಣಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಬಳಕೆಗೆ ಬಂದ ಮೇಲೆ ತಂತ್ರಾಂಶದ ಬೆಲೆ ಗೊತ್ತಾಗುವುದು ವರ್ಷದ ನಡುವೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರು ಮತ್ತು 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ, ಟ್ರ್ಯಾಕ್ಟರಿನದು ಶೇ 12ರಿಂದ ಶೇ 5ಕ್ಕೆ ಇಳಿಯಿತು. ಜಿಎಸ್‌ಟಿ ಮಂಡಳಿ ಇದನ್ನು ಪ್ರಕಟಿಸಿದ್ದು ಸೆಪ್ಟೆಂಬರ್ 3ರ ಸಭೆಯ ನಂತರ. ಮಾರ್ಚ್‌ನಲ್ಲಿ ಮುಗಿದ ಯಾವ ಬಜೆಟ್ಟಿನಲ್ಲೂ ಇದು ಇರಲು ಸಾಧ್ಯವಿರಲಿಲ್ಲ. ಟ್ರ್ಯಾಕ್ಟರ್ ಕಂಪನಿಗೆ ಎರಕ ಕೊಡುವ ಫೌಂಡ್ರಿಗೆ ಆಗ ಬೇಕಾದದ್ದು ಒಂದು ವಾರದೊಳಗೆ ಉತ್ತರ: ವೇಳಾಪಟ್ಟಿ ಶೇ 15 ಏರಿದರೆ ಕುಲುಮೆ ಸಾಲುತ್ತದೆಯೇ, ಯಾವ ತಿಂಗಳಲ್ಲಿ ಓವರ್‌ಡ್ರಾಫ್ಟ್ ಮಿತಿ ಮುಟ್ಟುತ್ತದೆ? ಮೂಲ ಅಂಶಗಳ ಮಾದರಿ ಇದ್ದರೆ ಬಜೆಟ್ ಸನ್ನಿವೇಶವನ್ನು ನಕಲು ಮಾಡಿ, ಟನ್ ಬದಲಿಸಿ, ಮಧ್ಯಾಹ್ನದೊಳಗೆ ಉತ್ತರ ತೆಗೆಯಬಹುದು. ಮೂಲ ಬಜೆಟ್ ಬೀಗ ಹಾಕಿದ ಹಾಗೇ ಇರುತ್ತದೆ. ಇದೇ ಕಾರಣಕ್ಕೆ ಮಾರ್ಚ್ ಗೋಡೆಗೆ ಬಂದು ನಿಲ್ಲುವ ಅಂದಾಜಿಗಿಂತ ಪ್ರತಿ ತ್ರೈಮಾಸಿಕ ಮುಗಿದಾಗ ಮುಂದಿನ ಐದು ತ್ರೈಮಾಸಿಕಗಳನ್ನು ನೋಡುವ ಉರುಳು ಮುನ್ನಂದಾಜು ಹೆಚ್ಚು ಕೆಲಸಕ್ಕೆ ಬರುತ್ತದೆ. ಹಳೆಯ ಅಂಕಿಗಳಿಂದ ತಾನೇ ಮುನ್ನಂದಾಜು ಹಾಕುವ ಸೌಲಭ್ಯವನ್ನೂ ಮಾರಾಟಗಾರರು ಈಗ ಮುಂದೆ ಮಾಡುತ್ತಾರೆ. ವರ್ಷಗಳಿಂದ ಹೋಗುತ್ತಿರುವ ವಸ್ತುಗಳಿಗೆ ಅದು ಒಳ್ಳೆಯ ಎರಡನೆಯ ಅಭಿಪ್ರಾಯ, ಹೊಸ ಗಿರಾಕಿಯ ಹೊಸ ಪ್ಯಾಟರ್ನಿಗೆ ಅದರಿಂದ ಪ್ರಯೋಜನವಿಲ್ಲ.

ಎಲ್ಲ ಫೌಂಡ್ರಿಗಳೂ ಇದನ್ನು ಕೊಳ್ಳಬೇಕೇ? ಬೇಡ. ಒಂದೇ ಘಟಕ, ಅಂಕಿ ತುಂಬುವವರು ಮೂರ್ನಾಲ್ಕು ಜನ, ಗಿರಾಕಿಗಳು ಐದಾರು ಇದ್ದರೆ ಮೂಲ ಅಂಶಗಳ ಮೇಲೆ ಕಟ್ಟಿದ ಒಂದು ಶಿಸ್ತಿನ ಎಕ್ಸೆಲ್ ಸಾಕು. ಮೇಲೆ ಹೇಳಿದ ಟನ್ನಿನ ಲೆಕ್ಕ ಶೀಟಿನಲ್ಲೂ ಬರುತ್ತದೆ. ಘಟಕಗಳು ಎರಡು ಮೂರಾಗಿ, ಒಂದು ಮುನ್ನಂದಾಜು ತಿದ್ದಲು ಎರಡು ವಾರ ಹಿಡಿಯತೊಡಗಿ, ಅದು ಮುಗಿಯುವ ಹೊತ್ತಿಗೆ ಪಿಗ್ ಐರನ್ ಬೆಲೆ ಮತ್ತೆ ಬದಲಾಗಿದೆ ಎನ್ನುವ ಸ್ಥಿತಿ ಬಂದಾಗ ತಂತ್ರಾಂಶದ ಮಾತು ಎತ್ತಬೇಕು. ಆಗಲೂ ಚಂದಾ ಹಣವೊಂದನ್ನೇ ನೋಡಬಾರದು. ಅಳವಡಿಕೆಯ ಶುಲ್ಕ, ಮಾದರಿಯನ್ನು ವರ್ಷವಿಡೀ ನೋಡಿಕೊಳ್ಳುವ ಒಬ್ಬ ಒಳಗಿನ ವ್ಯಕ್ತಿಯ ಸಂಬಳ ಎರಡನ್ನೂ ಸೇರಿಸಿ ಮೂರು ವರ್ಷದ ಖರ್ಚು ಹಾಕಬೇಕು. ಸೂತ್ರ ಬದಲಿಸಲು ಪ್ರತಿ ಸಲ ಹೊರಗಿನವರನ್ನು ಕರೆಯಬೇಕಾದ ಕಂಪನಿ ಸೂತ್ರ ಬದಲಿಸುವುದನ್ನೇ ನಿಲ್ಲಿಸುತ್ತದೆ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಓದಬೇಕಾದ ಷರತ್ತು ಹೊರಬರುವುದರ ಬಗ್ಗೆ. ಈ ತಂತ್ರಾಂಶಗಳು ಕೈಬದಲಾಗುತ್ತಲೇ ಇವೆ. ಎಸ್‌ಬೇಸ್ ಮಾಡಿದ ಆರ್ಬರ್ ಕಂಪನಿ 1998ರಲ್ಲಿ ಹೈಪೀರಿಯನ್ ಜೊತೆ ಸೇರಿತು, ಹೈಪೀರಿಯನ್ನನ್ನು 2007ರಲ್ಲಿ ಒರಾಕಲ್ ಸುಮಾರು 330 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಔಟ್‌ಲುಕ್‌ಸಾಫ್ಟ್ ಎಸ್‌ಎಪಿಯ ಪಾಲಾಯಿತು, ಟಿಎಂ1 ಇದ್ದ ಅಪ್ಲಿಕ್ಸ್ ಕಾಗ್ನೋಸ್‌ನ ಪಾಲಾಗಿ, ಕಾಗ್ನೋಸ್ 2008ರ ಆರಂಭದಲ್ಲಿ ಐಬಿಎಂನೊಳಗೆ ಹೋಯಿತು. ಅಡಾಪ್ಟಿವ್ ಇನ್‌ಸೈಟ್ಸನ್ನು 2018ರಲ್ಲಿ ವರ್ಕ್‌ಡೇ ಕೊಂಡಿತು, ಅನಾಪ್ಲಾನನ್ನು 2022ರಲ್ಲಿ ಥೋಮಾ ಬ್ರಾವೊ ಎಂಬ ಹೂಡಿಕೆ ಸಂಸ್ಥೆ. ಒಡೆಯ ಬದಲಾದಾಗ ದರವೂ ಬೆಂಬಲವೂ ಬದಲಾಗಬಹುದು. ಆದ್ದರಿಂದ ಎಲ್ಲ ಅಂಕಿಗಳನ್ನೂ ಆಯಾಮಗಳ ಶ್ರೇಣಿಗಳನ್ನೂ ಸಾಮಾನ್ಯ ಪಠ್ಯ ಕಡತಗಳಾಗಿ ಹೊರತೆಗೆಯುವ ಹಕ್ಕು, ಚಂದಾ ಮುಗಿದ ಮೇಲೂ ಅದಕ್ಕೆ ಕನಿಷ್ಠ ಮೂರು ತಿಂಗಳ ಕಾಲಾವಕಾಶ, ನವೀಕರಣದ ದರ ಏರಿಕೆಗೆ ಒಂದು ಮಿತಿ ಇವು ಒಪ್ಪಂದದಲ್ಲಿ ಬರಹದಲ್ಲೇ ಇರಬೇಕು. ಸೂತ್ರಗಳು ಮಾತ್ರ ಹಾಗೆ ಕಡತವಾಗಿ ಇನ್ನೊಂದು ತಂತ್ರಾಂಶಕ್ಕೆ ಹೋಗುವುದಿಲ್ಲ. ಯಾವ ಖರ್ಚು ಯಾವ ಅಂಶದಿಂದ, ಯಾವ ವಿಳಂಬದಿಂದ, ಯಾರ ಅಂಕಿಯಿಂದ ಹುಟ್ಟುತ್ತದೆ ಎಂಬುದನ್ನು ಸರಳ ಭಾಷೆಯಲ್ಲಿ ಬರೆದ ಹತ್ತಿಪ್ಪತ್ತು ಪುಟಗಳ ದಾಖಲೆಯನ್ನು ಸಲಹೆಗಾರರ ಕೊನೆಯ ಬಿಲ್ ಪಾವತಿಗೆ ಮೊದಲು ಬರೆಸಿಕೊಂಡು, ಪ್ರತಿ ವರ್ಷ ಬಜೆಟ್ ಬೀಗ ಹಾಕಿದ ದಿನ ಪರಿಷ್ಕರಿಸಿ ಇಡಬೇಕು.